ಜಾಗ ಉಳಿದರೆ ನೆನಪು ದಾಟುತ್ತದೆ

ಮನಸ್ಸಿಗೆ ಹತ್ತಿರವಾದ ಬಯಲು ಜಾಗ ಯಾವುದು ಎಂದು ಹೊಸರಿತ್ತಿಯ ಕಡೆ ಹಿರಿಯರನ್ನು ಕೇಳಿನೋಡಿ. ದೂರದ ಪ್ರವಾಸಿ ತಾಣಗಳ ಹೆಸರು ಬರುವುದು ಅಪರೂಪ. ವರದಾ ಹೊಳೆಯ ದಂಡೆ, ವೀರಭದ್ರ ದೇವರ ಗುಡಿಯ ಅಂಗಳ, ತಮ್ಮ ಹೊಲದ ಬದುವಿನ ಬನ್ನಿಗಿಡ, ಇಂಥವೇ ಬರುತ್ತವೆ. ಚೆಲುವಿನ ಲೆಕ್ಕ ಹಾಕಿದರೆ ಇವು ಸಾಧಾರಣ ಜಾಗಗಳು. ಇವುಗಳ ಮೇಲೆ ಇಷ್ಟು ಪ್ರೀತಿ ಏಕೆ ಎಂದರೆ ನೆನಪಿನಿಂದ ಎಂಬ ಉತ್ತರ ಸಿದ್ಧವಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಜನ ಆಡುತ್ತಾರೆ: ನೆನಪು ಇರುವುದು ತಲೆಯಲ್ಲಿ, ಜಾಗ ಬರೀ ನೆಪ, ಅದು ಹೋದರೂ ನೆನಪು ಉಳಿಯುತ್ತದೆ. ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ. ನೆನಪು ಒಬ್ಬರಲ್ಲಿ ಉಳಿಯುವುದಕ್ಕೆ ತಲೆ ಸಾಕಾದೀತು. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದಕ್ಕೆ ಜಾಗ ಬೇಕೇ ಬೇಕು.

ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ಬಳಸಿ, ನಮ್ಮ ಸೀಮೆಯನ್ನು ಹಾದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಸಂಕ್ರಮಣದ ಹೊತ್ತಿಗೆ ಮಳೆಗಾಲದ ರಾಡಿ ಇಳಿದು ಉಸುಕು ಮೇಲೆದ್ದಿರುತ್ತದೆ. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿಯ ಬುತ್ತಿ ಬಿಚ್ಚಿ ದಂಡೆಯಲ್ಲೇ ಉಣ್ಣುವುದು ನಮ್ಮಲ್ಲಿ ರೂಢಿ. ಅಲ್ಲಿ ನನ್ನ ಅಜ್ಜಿ ನನಗೆ ವರ್ತಿ ತೋಡುವುದನ್ನು ಕಲಿಸಿದಳು. ಮೊಣಕೈ ಆಳ ಉಸುಕು ಬಗೆದರೆ ಮೊದಲು ಬರುವುದು ಕಲಕು ನೀರು. ಅದನ್ನು ಬಟ್ಟಲಿನಿಂದ ಮೊಗೆದು ಚೆಲ್ಲಬೇಕು. ಮತ್ತೆ ಕೂಡಿದ್ದನ್ನೂ ಚೆಲ್ಲಬೇಕು. ಅವಸರ ಮಾಡಿದರೆ ಅಂಚು ಕುಸಿದು ಕುಣಿ ಮುಚ್ಚಿಹೋಗುತ್ತದೆ. ತಾಳಿದವರಿಗೆ ತಳದಿಂದ ತಣ್ಣನೆಯ ತಿಳಿನೀರು ಜಿನುಗುತ್ತದೆ. “ನಿಮ್ಮಪ್ಪಗೂ ಇಲ್ಲೇ ಕಲಿಸೀನಿ, ಅವನೂ ನಿನ್ನಂಗ ಗಡಿಬಿಡಿ ಮಾಡ್ತಿದ್ದ” ಎಂದಳು. ನಾನು ಕಾಣದ ಅಪ್ಪನ ಬಾಲ್ಯ ಆ ಗಳಿಗೆಯಿಂದ ನನ್ನದೂ ಆಯಿತು. ಇದೇ ಮಾತನ್ನು ಅವಳು ಮನೆಯ ಪಡಸಾಲೆಯಲ್ಲಿ ಹೇಳಿದ್ದರೆ ನಾನು ಕೇಳಿ ಮರೆಯುತ್ತಿದ್ದೆ. ಕೈ ಉಸುಕಿನಲ್ಲಿ ಇದ್ದದ್ದರಿಂದ ಅದು ಉಳಿಯಿತು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್ 1925ರಲ್ಲೇ ಒಂದು ವಾದವನ್ನು ಮುಂದಿಟ್ಟಿದ್ದ: ಮನುಷ್ಯ ಒಂಟಿಯಾಗಿ ನೆನೆಯುವುದಿಲ್ಲ, ಅವನ ನೆನಪಿಗೆ ಸಮುದಾಯದ ಚೌಕಟ್ಟು ಇರುತ್ತದೆ. ಹೊಸರಿತ್ತಿಯಲ್ಲಿ ಇದಕ್ಕೆ ಸಾಕ್ಷಿ ವೀರಭದ್ರನ ಗುಡಿ. ಬ್ರಿಟಿಷ್ ಸರ್ಕಾರ ರೈತರಿಂದ ವಸೂಲು ಮಾಡಿದ ಕಂದಾಯವನ್ನು ಅಲ್ಲಿ ಪೊಲೀಸ್ ಕಾವಲಿನಲ್ಲಿ ಇಟ್ಟಿತ್ತು. 1943ರ ಏಪ್ರಿಲ್ 1ರಂದು ಅದರ ಮೇಲೆ ಸ್ವಾತಂತ್ರ್ಯ ಹೋರಾಟಗಾರರು ನಡೆಸಿದ ದಾಳಿಯಲ್ಲಿ ಮೈಲಾರ ಮಹದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮಹದೇವ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. ಆ ದಿನವನ್ನು ಕಣ್ಣಾರೆ ಕಂಡವರು ಇಂದು ಇದ್ದರೂ ಬಲು ವಿರಳ. ಆದರೂ ಅಂಗಳದಲ್ಲಿ ನಿಂತ ಹುಡುಗನಿಗೆ “ಇಲ್ಲೇ” ಎಂದು ಬೆರಳು ಮಾಡಿ ತೋರಿಸಬಹುದು. ಆ ಒಂದು ಮಾತಿಗೆ ಇರುವ ಬಲ ಪಠ್ಯಪುಸ್ತಕದ ಪುಟಕ್ಕೆ ಇಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಊರು ಕಳೆದುಕೊಂಡವರೇ ಹೆಚ್ಚು ನೆನೆಯುತ್ತಾರಲ್ಲ? ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಹೋದವರು ತಮ್ಮ ಮನೆ, ಕಟ್ಟೆಗಳನ್ನು ಇಂದಿಗೂ ಬಿಡಿಬಿಡಿಯಾಗಿ ಹೇಳಬಲ್ಲರು. ನಿಜ. ಅವರ ನೆನಪು ತೀವ್ರವಾಗಿದೆ, ಏಕೆಂದರೆ ಅದನ್ನು ಹೊರುವ ಭಾರವೆಲ್ಲ ಅವರೊಬ್ಬರ ಮೇಲೇ ಬಿದ್ದಿದೆ. ಮೊಮ್ಮಗನಿಗೆ ತೋರಿಸಲು ಹೋದರೆ ಕಾಣುವುದು ನೀರು. ಅವನು ಅಜ್ಜನ ದುಃಖವನ್ನು ಅರಿಯಬಲ್ಲ, ಅಜ್ಜನ ಓಣಿಯನ್ನು ಅರಿಯಲಾರ.

ಹಾಗೆಂದು ಜಾಗಗಳನ್ನು ಇದ್ದಂತೆಯೇ ಕಟ್ಟಿಹಾಕಿ ಇಡಬೇಕೆಂದು ನಾನು ಹೇಳುತ್ತಿಲ್ಲ. ಹೊಳೆಯೇ ವರ್ಷವರ್ಷ ಪಾತ್ರ ಬದಲಿಸುತ್ತದೆ. ಸುತ್ತ ಬೇಲಿ ಹಾಕಿ, ಫಲಕ ನೆಟ್ಟು, ಒಳಗೆ ಯಾರೂ ಕೂರದಂತೆ ಮಾಡಿದರೆ ಆ ಜಾಗ ನೋಡುವುದಕ್ಕಷ್ಟೇ ಉಳಿಯುತ್ತದೆ. ಜನ ಬರುತ್ತಾ ಹೋಗುತ್ತಾ, ಉಣ್ಣುತ್ತಾ, ಕೈಮುಗಿಯುತ್ತಾ ಇದ್ದರೆ ಅದು ಜೀವಂತವಾಗಿ ಇರುತ್ತದೆ.

ಆದ್ದರಿಂದಲೇ ವರದೆಯ ಉಸುಕಿನ ಲೂಟಿ ನನಗೆ ಬರೀ ಪರಿಸರದ ಪ್ರಶ್ನೆಯಾಗಿ ಕಾಣುವುದಿಲ್ಲ. ನೀರನ್ನು ಒಡಲಲ್ಲಿ ಹಿಡಿದಿಡುವುದು ಉಸುಕು. ಅದನ್ನು ತಳಮುಟ್ಟ ಎತ್ತಿ ಸಾಗಿಸಿದರೆ ಉಳಿಯುವುದು ಕೆಸರು, ಗುಂಡಿ. ಅಲ್ಲಿ ವರ್ತಿ ತೋಡಲಾಗದು, ಮಕ್ಕಳನ್ನು ನಂಬಿ ನೀರಿಗೆ ಬಿಡಲೂ ಆಗದು. ಲಾರಿಯಲ್ಲಿ ಹೋಗುವ ಉಸುಕಿಗೆ ದರ ಕಟ್ಟುತ್ತಾರೆ. ಅಜ್ಜಿಯರು ಮೊಮ್ಮಕ್ಕಳಿಗೆ ಕಲಿಸಬಹುದಾಗಿದ್ದ ಜಾಗ ಹೋದದ್ದಕ್ಕೆ ದರವೂ ಇಲ್ಲ, ದೂರೂ ಇಲ್ಲ. ಇದು ಊರಿಗೆ ಊರೇ ಉಣ್ಣುವ ನಷ್ಟ, ಮತ್ತು ಇದನ್ನು ಅನ್ಯಾಯ ಎಂದೇ ಕರೆಯಬೇಕು.

ಹೊಳೆಗೆ ಇಳಿಯುವ ದಾರಿಯನ್ನು ಯಾರೂ ಒತ್ತುವರಿ ಮಾಡದಂತೆ, ದಂಡೆ ಕಸದ ತಿಪ್ಪೆಯಾಗದಂತೆ ನೋಡಿಕೊಳ್ಳುವುದು ಪಂಚಾಯಿತಿಯ ಕೆಲಸ; ಅದನ್ನು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವುದು ನಮ್ಮ ಕೆಲಸ. ಬರುವ ಸಂಕ್ರಮಣಕ್ಕೆ ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋಗಿ. ಫೋನು ಬದಿಗಿಟ್ಟು, ನಿಮಗೆ ಯಾರು ಏನನ್ನು ಎಲ್ಲಿ ಕಲಿಸಿದರೆಂದು ಅಲ್ಲೇ ನಿಂತು ಹೇಳಿ.