ಲೆಕ್ಕಕ್ಕೆ ಸಿಕ್ಕದ ಶೇಷ

ಮನುಷ್ಯನು ಕಟ್ಟಿಕೊಂಡ ಸಿದ್ಧಾಂತಕ್ಕೂ ಅವನ ಅನುಭವಕ್ಕೂ ವಿರೋಧವುಂಟಾದಾಗ ತಿದ್ದತಕ್ಕುದು ಯಾವುದು? ಸಿದ್ಧಾಂತವನ್ನೇ ಎಂದು ಎಲ್ಲರೂ ಬಾಯಲ್ಲಿ ಹೇಳುವರು. ಆಚರಣೆಯಲ್ಲಿಯಾದರೋ ಲೆಕ್ಕಕ್ಕೆ ಹೊಂದದುದನ್ನು ಶೇಷವೆಂದು ಬದಿಗೆ ತಳ್ಳಿ ನೆಮ್ಮದಿಯಿಂದಿರುವುದೇ ನಮ್ಮ ರೂಢಿ. ಈ ರೂಢಿಯನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಚಂದ್ರನ ಗುರುತ್ವಾಕರ್ಷಣವನ್ನು ಅಳೆದವರ ವೃತ್ತಾಂತವು ಚೆನ್ನಾಗಿ ಒದಗುತ್ತದೆ.

1966-67ರಲ್ಲಿ ಅಮೆರಿಕದವರು ಲೂನಾರ್ ಆರ್ಬಿಟರ್ ಎಂಬ ಐದು ನೌಕೆಗಳನ್ನು ಚಂದ್ರನ ಸುತ್ತಲೂ ತಿರುಗಿಸಿದರು. ಮನುಷ್ಯರು ಇಳಿಯತಕ್ಕ ಸ್ಥಳಗಳ ಚಿತ್ರಗಳನ್ನು ತೆಗೆಯುವುದೇ ಅವುಗಳ ಮುಖ್ಯ ಕಾರ್ಯ. ನೌಕೆಯು ನಮ್ಮತ್ತ ಬರುವಾಗ ಅದರ ರೇಡಿಯೋ ಅಲೆಗಳ ಆವರ್ತನವು ಏರುವುದು, ದೂರ ಸರಿಯುವಾಗ ಇಳಿಯುವುದು. ಇದರಿಂದ ಅದರ ವೇಗವನ್ನು ಭೂಮಿಯಲ್ಲಿದ್ದುಕೊಂಡೇ ಗಣಿಸಬಹುದು. ಹೀಗೆ ಕಂಡ ವೇಗವು ಲೆಕ್ಕದ ವೇಗಕ್ಕೆ ಸರಿಹೊಂದಲಿಲ್ಲ. ವ್ಯತ್ಯಾಸವು ಅತ್ಯಲ್ಪ, ಯಂತ್ರದ ದೋಷವೆಂದು ಬಿಟ್ಟುಬಿಡಬಹುದಾಗಿತ್ತು. ಪಾಲ್ ಮುಲ್ಲರ್, ವಿಲಿಯಂ ಶೋಗ್ರೆನ್ ಎಂಬಿಬ್ಬರು ವಿಜ್ಞಾನಿಗಳು ಹಾಗೆ ಮಾಡದೆ ಆ ಶೇಷಗಳನ್ನೇ ಕೂಡಿಸಿ ನಕ್ಷೆಯನ್ನು ಬರೆದರು. ಇಂಬ್ರಿಯಂ, ಸೆರೆನಿಟಾಟಿಸ್, ಕ್ರಿಸಿಯಂ ಮೊದಲಾದ ದುಂಡನೆಯ ಕಪ್ಪು ಬಯಲುಗಳ ಮೇಲೆ ಸೆಳೆತವು ಹೆಚ್ಚೆಂದು 1968ರಲ್ಲಿ ಪ್ರಕಟವಾಯಿತು. ಪುರಾತನ ಕಾಲದಲ್ಲಿ ಮಹಾಶಿಲೆಗಳು ಬಡಿದೆಡೆಯಲ್ಲಿ ಆಳದ ಭಾರವಾದ ಕಲ್ಲು ಮೇಲೆದ್ದಿತು. ಬಳಿಕ ಲಾವಾರಸವೂ ಅಲ್ಲಿ ತುಂಬಿಕೊಂಡಿತು. ಕಣ್ಣಿಗೆ ತಗ್ಗಾಗಿ ಕಾಣುವ ನೆಲವೇ ಬಲವಾಗಿ ಸೆಳೆಯುತ್ತಿತ್ತು!

ಹಾಗಾದರೆ ಪ್ರತಿಯೊಂದು ಶೇಷವೂ ಸತ್ಯದ ಸೂಚನೆಯೇ ಎಂದು ವಾಚಕರು ಕೇಳಬಹುದು. ಅಲ್ಲ, ಯಂತ್ರಗಳೂ ತಪ್ಪುವುವು, ಕಣ್ಣೂ ತಪ್ಪುವುದು. ಒಮ್ಮೆ ಕಂಡ ಹೊಗೆಯಿಂದ ನಮ್ಮ ನೈಯಾಯಿಕರು ವ್ಯಾಪ್ತಿಯನ್ನು ಹೇಳಲಿಲ್ಲ. ದೋಷವು ಎಲ್ಲೆಂದರಲ್ಲಿ ತಲೆದೋರಿದರೆ ಅದು ಯಂತ್ರದ್ದಾಗಿರಬಹುದು. ಮರಳಿ ಮರಳಿ ಒಂದೇ ಸ್ಥಳದಲ್ಲಿ ತಲೆದೋರಿದರೆ ಅದು ಚಂದ್ರನದು. ಈ ವಿವೇಕವನ್ನು ಮಾಡುವುದಕ್ಕಾದರೂ ಶೇಷವನ್ನು ಬಿಸುಡದೆ ಬರೆದಿಟ್ಟಿರಬೇಕಷ್ಟೆ.

ಇರುವುದೆಂದು ತಿಳಿದಮಾತ್ರಕ್ಕೆ ಪೂರ್ಣವಾಗಿ ತಿಳಿದಂತಾಗಲಿಲ್ಲ. 1972ರ ಏಪ್ರಿಲಿನಲ್ಲಿ ಅಪೊಲೊ 16ರ ಯಾತ್ರಿಕರು ಬಿಟ್ಟುಬಂದ ಪುಟ್ಟ ಉಪಗ್ರಹವು ಈ ಅಸಮವಾದ ಸೆಳೆತಗಳಿಗೆ ಸಿಕ್ಕಿ 35 ದಿವಸಗಳಲ್ಲಿಯೇ ಚಂದ್ರನಿಗೆ ಅಪ್ಪಳಿಸಿತು. ಚಂದ್ರನ ಹಿಂಬದಿಯಾದರೋ ಭೂಮಿಗೆ ಮರೆ. ಅಲ್ಲಿ ಹಾಯುವ ನೌಕೆಯ ಅಲೆಗಳು ನೇರವಾಗಿ ನಮ್ಮನ್ನು ಮುಟ್ಟಲಾರವು. ಮೊದಲು ಜಪಾನೀಯರು 2007ರಲ್ಲಿ ಕಳುಹಿದ ಕಗುಯ ನೌಕೆಯು ಜೊತೆಯ ಉಪಗ್ರಹದ ಮೂಲಕ ಅಲ್ಲಿಯ ವಾರ್ತೆಯನ್ನು ತಂದಿತು. 2012ರಲ್ಲಿ ಅಮೆರಿಕದ ಗ್ರೇಲ್ ಎಂಬ ಜೋಡಿ ನೌಕೆಗಳು ಸುಮಾರು 200 ಕಿಲೋಮೀಟರುಗಳ ಅಂತರದಲ್ಲಿ ಒಂದರ ಹಿಂದೊಂದು ಹಾರಿ, ಪರಸ್ಪರ ದೂರದ ಸೂಕ್ಷ್ಮ ವ್ಯತ್ಯಾಸಗಳನ್ನು ಅಳೆದು, ಎರಡು ಬದಿಗಳನ್ನೂ ಸೂಕ್ಷ್ಮವಾಗಿ ನಕ್ಷೆಗಿಳಿಸಿದುವು.

ಮನುಷ್ಯರ ವಿಷಯದಲ್ಲಿ ನಾವು ಇಷ್ಟು ತಾಳ್ಮೆಯನ್ನು ತೋರುವೆವೆ? ಮನೆಯ ಹುಡುಗನೊಬ್ಬನನ್ನು ಸೋಮಾರಿಯೆಂದು ನಿಶ್ಚಯಿಸುವೆವು. ಅಜ್ಜಿಗೆ ಜ್ವರ ಬಂದ ರಾತ್ರಿ ಅವನು ಕಣ್ಣೆವೆ ಮುಚ್ಚದೆ ಬಳಿಯಲ್ಲಿ ಕುಳಿತಿದ್ದುದನ್ನು ಆಕಸ್ಮಿಕವೆನ್ನುವೆವು. ಮುಂದಿನ ವರ್ಷವೂ ಹಾಗೆಯೇ ಕುಳಿತರೆ ಅದನ್ನೂ ಆಕಸ್ಮಿಕವೆನ್ನುವೆವು. ಅವನ ಗುಣವು ನಮ್ಮ ಲೆಕ್ಕವನ್ನು ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ತಪ್ಪಿಸುತ್ತಿದ್ದರೂ ತಪ್ಪು ನಮ್ಮದೆನ್ನುವುದಕ್ಕೆ ಮನಸ್ಸು ಬಾರದು. ಚಂದ್ರನಿಗೆ ನಮ್ಮ ತೀರ್ಪಿನಿಂದ ನಷ್ಟವಿಲ್ಲ. ಆ ಹುಡುಗನಿಗೆ ಉಂಟು. ತಗ್ಗೆಂದು ಕರೆಯಿಸಿಕೊಂಡವನು ಕಡೆಗೆ ತನ್ನನ್ನು ತಾನೇ ತಗ್ಗೆಂದು ನಂಬುವನು.

ಆದುದರಿಂದ ನಮ್ಮ ತೀರ್ಪಿಗೆ ಹೊಂದದುದನ್ನು ಅಳಿಸದೆ ಜ್ಞಾಪಕದಲ್ಲಿಟ್ಟುಕೊಳ್ಳುವುದು ಗಣಿತಜ್ಞನ ಜಾಗರೂಕತೆ ಮಾತ್ರವಲ್ಲ. ಅದು ನೆರೆಯವನಿಗೆ ನಾವು ಸಲ್ಲಿಸಬೇಕಾದ ನ್ಯಾಯವೂ ಹೌದು.