ಹೊಳೆಯ ಮೇಲಿನ ಊರು

ಕೆಲಸದ ಜಾಗ ಆರಿಸುವ ಕೌನ್ಸೆಲಿಂಗ್ ದಿನ ಮೇಷ್ಟರಿಗೆ ಊರೆಂದರೆ ಪರದೆಯ ಮೇಲಿನ ಒಂದು ಹೆಸರು. ಅಲ್ಲಿ ಎಂಥ ಮಳೆ, ಎಷ್ಟು ಬಸ್ಸು, ಯಾರ ಮಕ್ಕಳು ಎಂದು ವಿಚಾರಿಸಿಕೊಂಡು ಹೋದವರು ಮೊದಲ ಪಾಠದ ತಯಾರಿ ಆಗಲೇ ಮಾಡಿರುತ್ತಾರೆ.

*

ಮನೆ ನೋಡಲು ಬೇಸಿಗೆಯಲ್ಲಿ ಬರಬೇಡಿ. ಕಳಸದ ಬಳಿಯ ನಮ್ಮ ಸಂಸೆಯನ್ನು ಜುಲೈನಲ್ಲಿ ನೋಡಿ. ಬಿಡದ ಜಡಿಮಳೆ, ಕರೆಂಟಿಲ್ಲ, ಒದ್ದೆ ಬಟ್ಟೆಯೆಲ್ಲ ಒಲೆಯ ಮೇಲಿನ ಹಗ್ಗದಲ್ಲಿ. ಆಗಲೂ ಇರೋಣ ಅನ್ನಿಸಿದರೆ ಅದು ನಿಮ್ಮ ಊರು.

*

ಮಳೆಗಾಲದಲ್ಲಿ ಪುಸ್ತಕದ ರಟ್ಟಿಗೆ ಬೂಸ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಒಂದೊಂದನ್ನೇ ಒರೆಸಿ ಒಲೆಯ ಬಿಸಿಗೆ ಇಡುತ್ತೇನೆ. ಹತ್ತು ವರ್ಷ ತೆರೆಯದ ಪುಸ್ತಕವೂ ಹಾಗೆ ಕೈಗೆ ಬಂದು, ನಿಂತಲ್ಲೇ ನಾಲ್ಕು ಪುಟ ಓದಿಸಿಕೊಳ್ಳುತ್ತದೆ.

*

ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಹೊರನಾಡು ಕಡೆಯ ಹುಡುಗರು ಕಳಸದ ಕಾಲೇಜಿಗೆ ಬರುವುದು ಕಷ್ಟ. ಆ ಹೊಳೆ ನೋಡದ ಮೇಷ್ಟರಿಗೆ ಹಾಜರಿ ಪುಸ್ತಕದಲ್ಲಿ ಕಾಣುವುದು ಬರೀ ಗೈರು.

*

ಮೈಸೂರು ಸರ್ಕಾರ 1925ರಲ್ಲಿ ಕಾಫಿ ಸಂಶೋಧನೆಗೆ ಆರಿಸಿಕೊಂಡದ್ದು ಬಾಳೆಹೊನ್ನೂರಿನ ಕಾಡುಗುಡ್ಡವನ್ನು. ಎಲೆತುಕ್ಕು ರೋಗ ಇದ್ದದ್ದು ಗಿಡದಲ್ಲಿ. ವಿಜ್ಞಾನಿಗಳು ಗಿಡದ ಬಳಿಗೇ ಹೋದರು. ಇಂದಿಗೂ ತೋಟಗಳಲ್ಲಿರುವ ಎಸ್.795 ತಳಿ ಹುಟ್ಟಿದ್ದು ಅಲ್ಲಿ. ನಿಮ್ಮ ಪ್ರಶ್ನೆ ಬೇರು ಬಿಟ್ಟ ಕಡೆ ಬಿಡಾರ ಹೂಡಿ.

*

ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ದೊಡ್ಡ ವಿಜ್ಞಾನಿಯೊಬ್ಬರಿಗೆ ಮೂಡಿಗೆರೆಯಲ್ಲಿ ಸಿಕ್ಕ ಜೊತೆಗಾರ ಜೇನು ಕೀಳುವ ಮಂದಣ್ಣ. ಸ್ಟಾಫ್ ರೂಮಿನಲ್ಲಿ ಮಾತಿಗೆ ಜನವಿಲ್ಲವೆಂದು ಕೊರಗುವ ಮೊದಲು ಜೇನು ಕೀಳುವವರ ಪಕ್ಕ ಒಮ್ಮೆ ಕೂತು ನೋಡಬೇಕು.

*

2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು. ಅಲ್ಲಿನ ಟೌನ್‌ಶಿಪ್ ಖಾಲಿಯಾಯಿತು. ಹೋದವರ ತಪ್ಪೇನೂ ಇಲ್ಲ. ಸಂಬಳವೊಂದೇ ಹಿಡಿದಿಟ್ಟ ಊರು ಸಂಬಳದ ಜೊತೆಗೇ ಮುಗಿಯುತ್ತದೆ. ಒಂದು ಹಿತ್ತಿಲು, ಎರಡು ಮನೆಯ ಬಳಕೆ, ಊರ ಹಬ್ಬದಲ್ಲಿ ಒಂದು ಕೆಲಸ: ಇಷ್ಟಾದರೂ ಬೇರೆ ಗಂಟು ಹಾಕಿಕೊಂಡಿರಬೇಕು.

*

ರಾತ್ರಿ ಹೊತ್ತು ಎದೆನೋವು ಬಂದರೆ ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಮಳೆಯಲ್ಲಿ ಆ ದಾರಿ ಬಹಳ ಉದ್ದ. ಹಿರಿಯರನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಇದನ್ನು ಮೊದಲೇ ಹೇಳಬೇಕು. ಹೇಳದೆ ಬಂದವರು ತಮ್ಮ ಆದರ್ಶವನ್ನು ಮನೆಯವರ ತಲೆಗೆ ಹೊರಿಸಿದಂತೆ.

*

ಅತಿಥಿ ಉಪನ್ಯಾಸಕರಲ್ಲಿ ಬಹಳ ಜನಕ್ಕೆ ಬೇಕಾದ ಊರು ಆರಿಸುವ ಭಾಗ್ಯವಿಲ್ಲ. ಕೆಲಸ ಸಿಕ್ಕಿದ್ದೇ ಊರು. ಆರಿಸುವ ಹಕ್ಕಿರುವವರು ಅವರನ್ನು ನೆನೆದು ಆರಿಸಲಿ.

*

ಹಾಲಿಗೆ ಹೋದಾಗ ಟೀ ತೋಟದ ಲೈನ್ ಮನೆಯ ಅಕ್ಕ ಕೇಳಿದರು: “ಮೇಷ್ಟ್ರೇ, ನಮ್ಮ ಹುಡ್ಗಿ ಡಿಗ್ರಿ ಆದ್ಮೇಲೆ ಎಂತ ಓದ್ಬಹುದು?” ಹಾಲಿನ ಪಾತ್ರೆ ಹಿಡಿದುಕೊಂಡೇ ಅರ್ಧ ಗಂಟೆ ಮಾತಾಡಿದೆ. ಕಾಲೇಜಿನ ಬಾಗಿಲಿಗೆ ಬಂದು ಈ ಪ್ರಶ್ನೆ ಕೇಳಲು ಅವರಿಗೆ ಧೈರ್ಯವಿರಲಿಲ್ಲ. ನಾನು ಇಲ್ಲೇ ಮನೆ ಮಾಡಿದ್ದಕ್ಕೆ ಕೇಳಿದರು.

*

ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕಳಸ, ಬಾಳೆಹೊನ್ನೂರು ಹಾದು ಲಕ್ಕವಳ್ಳಿಯ ಅಣೆಕಟ್ಟು ಸೇರುತ್ತಾಳೆ. ಅದರ ಹತ್ತಿರವೇ ಶಂಕರಘಟ್ಟ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ಇರುವುದು ಅಲ್ಲಿ. ಹೊಳೆ ಹೋದ ಕಡೆಗೇ ನಮ್ಮ ಮಕ್ಕಳೂ ಎಂ.ಎ. ಓದಲು ಹೋಗುತ್ತಾರೆ. ಆ ಲೈನ್ ಮನೆಯ ಹುಡುಗಿ ಓದು ಮುಗಿಸಿ, ಪಾಠ ಹೇಳಲು ಹೊಳೆಗೆ ಎದುರಾಗಿ ಮೇಲೆ ಬಂದ ದಿನ, ಒಲೆಯ ಬಿಸಿಗೆ ಒಣಗಿಸಿಟ್ಟ ಪುಸ್ತಕಗಳೆಲ್ಲ ಅವಳವು.