ನೀರು ತೆಗೆದ ಹಾಲು

ಹಾಲಿಗೆ ನೀರು ಬೆರೆಸುವವನನ್ನು ನಾವು ಮೋಸಗಾರ ಎನ್ನುತ್ತೇವೆ. ಹಾಗಾದರೆ ಹಾಲಿನಿಂದ ನೀರು ತೆಗೆದವನನ್ನು ಏನೆಂದು ಕರೆಯಬೇಕು? ಈ ಪ್ರಶ್ನೆ ನನ್ನದಲ್ಲ, ನಮ್ಮತ್ತೆಯವರದು. ಹಟ್ಟಿಯಲ್ಲಿ ಮೂರು ಹಸು ಕಟ್ಟಿ ಬಾಳಿದವರು ಅವರು. ಹಾಲಿನ ಪುಡಿಯ ಪೊಟ್ಟಣವನ್ನು ಕಂಡರೆ ರಂಗೋಲಿ ಪುಡಿಯೋ ಎಂಬಂತೆ ನೋಡುತ್ತಿದ್ದರು. "ಬಂದವರಿಗೆ ಪುಡಿ ಹಾಲಿನ ಕಾಫಿ ಕೊಡೋದಕ್ಕಿಂತ ಬೆಲ್ಲದ ಕರಿ ಕಾಫಿ ಕೊಡೋದೇ ಮರ್ಯಾದೆ" ಎನ್ನುವುದು ಅವರ ತೀರ್ಮಾನ. ಕೊಡಗಿನಲ್ಲಿ ಬೆಲ್ಲದ ಕಾಫಿಗೆ ಅಂಥ ಮರ್ಯಾದೆ ಇದೆ ಎನ್ನುವುದು ಬೇರೆ ಮಾತು. ಆದರೆ ಅವರ ಪ್ರಶ್ನೆಯನ್ನು ನಾನು ನಕ್ಕು ತಳ್ಳಿಹಾಕಲಿಲ್ಲ. ಬೆಟ್ಟ ಹತ್ತುವ ಹುಚ್ಚು ಹಿಡಿದ ಮೇಲೆ ಅದು ಬೇರೆ ಬೇರೆ ರೂಪದಲ್ಲಿ ನನ್ನನ್ನು ಕಾಡಿದೆ.

ಮಡಿಕೇರಿಯ ನಮ್ಮ ಬೀದಿಯ ಎಂಟು ಮಂದಿ ಹೆಂಗಸರು ವರ್ಷಕ್ಕೊಮ್ಮೆ, ಮಳೆ ಮುಗಿದು ಚಳಿ ಕಾಲಿಡುವ ಹೊತ್ತಿಗೆ, ಎರಡು ರಾತ್ರಿ ಮನೆ ಬಿಟ್ಟು ಹೊರಡುತ್ತೇವೆ. ಗಂಡ, ಮಕ್ಕಳು, ಅತ್ತೆ, ಮಾವ ಎಲ್ಲರಿಗೂ ಫ್ರಿಜ್ಜಿನಲ್ಲಿ ಸಾರು ಹುಳಿ ತುಂಬಿಟ್ಟು, ಮೂರು ಸಲ ಗ್ಯಾಸ್ ನೋಡಿ ಹೊರಡುವ ಆ ಬೆಳಗಿನ ಸುಖ ಹೆಂಗಸರಿಗೇ ಗೊತ್ತು. ಹೆಚ್ಚಾಗಿ ನಮ್ಮ ಸವಾರಿ ಕಕ್ಕಬ್ಬೆಯ ಕಡೆಗೆ. 1792ರ ಸುಮಾರಿಗೆ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ದಾಟಿದರೆ ತಡಿಯಂಡಮೋಳ್ ಬೆಟ್ಟದ ಏರು ಶುರು. 1748 ಮೀಟರ್ ಎತ್ತರದ ಅದೇ ಕೊಡಗಿಗೆ ಹಿರಿಯ ಶಿಖರ. ಕಾಡಿನೊಳಗೆ ರಾತ್ರಿ ತಂಗುವುದಕ್ಕೂ ಬೆಂಕಿ ಹಾಕುವುದಕ್ಕೂ ಕಟ್ಟುಪಾಡುಗಳಿರುವುದರಿಂದ ನಾವು ಪರಿಚಯದವರ ಕಾಫಿ ತೋಟದ ಮೇಲಂಚಿನಲ್ಲಿ ಡೇರೆ ಹಾಕುತ್ತೇವೆ. ಜೀಪು ಇಳಿದ ಮೇಲೆ ಅಲ್ಲಿಗೆ ಒಂದೂವರೆ ಗಂಟೆಯ ಏರು. ಅಷ್ಟು ದೂರವೂ ಗಂಟುಮೂಟೆ ನಮ್ಮ ಬೆನ್ನ ಮೇಲೆಯೇ.

ಆಗ ಲೆಕ್ಕ ಬರುತ್ತದೆ ನೋಡಿ. ಎಂಟು ಮಂದಿಗೆ ಬೆಳಗಿನ ಕಾಫಿ, ಸಂಜೆಯ ಚಹಾ, ಮಲಗುವ ಮುಂಚೆ ರಾಗಿ ಮಾಲ್ಟ್, ಒಂದು ರಾತ್ರಿ ಶಾವಿಗೆ ಪಾಯಸ. ಎಷ್ಟು ಬಿಗಿಹಿಡಿದರೂ ಹತ್ತು ಲೀಟರ್ ಹಾಲು ಬೇಕು. ಹತ್ತು ಲೀಟರ್ ಎಂದರೆ ಹತ್ತು ಕಿಲೋಗಿಂತ ಹೆಚ್ಚು ಭಾರ. ಅಲ್ಲದೆ ಮರುದಿನದ ಹೊತ್ತಿಗೆ ಅದು ಒಡೆಯದೆ ಉಳಿಯುತ್ತದೆನ್ನುವ ಭರವಸೆಯಿಲ್ಲ. ಹಸುವಿನ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಆ ನೀರನ್ನು ಬಿಟ್ಟು ಉಳಿದದ್ದನ್ನಷ್ಟೇ ಹೊತ್ತರೆ ಲೀಟರಿಗೆ 120 ಗ್ರಾಂ ಪುಡಿ ಸಾಕು. ಹತ್ತು ಲೀಟರಿಗೆ ಒಂದು ಕಿಲೋ ಇನ್ನೂರು ಗ್ರಾಂ. ಒಂಬತ್ತು ಕಿಲೋ ಭಾರ ಮಾಯ! ತೊರೆ ಹರಿಯುವ ಬೆಟ್ಟಕ್ಕೆ ಹಾಲಿನ ರೂಪದಲ್ಲಿ ನೀರು ಹೊತ್ತುಕೊಂಡು ಹೋಗುವುದು ಕೊಡಗಿಗೆ ಕಿತ್ತಳೆ ಹೊತ್ತಂತೆ ಅಲ್ಲವೇ?

ಈ ಯುಕ್ತಿ ಹೊಸದೇನೂ ಅಲ್ಲ. 13ನೇ ಶತಮಾನದಲ್ಲಿ ಮಂಗೋಲರ ನಾಡು ಸುತ್ತಿದ ಮಾರ್ಕೊ ಪೋಲೊ ಅಲ್ಲಿನ ಸವಾರರ ಬಗ್ಗೆ ಬರೆದಿದ್ದಾನೆ. ಅವರು ಹಾಲು ಕಾಯಿಸಿ, ಮೇಲೆ ಬಂದ ಕೆನೆಯನ್ನು ಬೆಣ್ಣೆಗೆಂದು ತೆಗೆದಿಟ್ಟು, ಉಳಿದದ್ದನ್ನು ಬಿಸಿಲಿಗೆ ಒಣಗಿಸುತ್ತಿದ್ದರಂತೆ. ದಂಡು ಹೊರಟಾಗ ಒಬ್ಬೊಬ್ಬ ನಾಲ್ಕೂವರೆ ಕಿಲೋದಷ್ಟು ಒಣ ಹಾಲು ಇಟ್ಟುಕೊಂಡು, ಬೆಳಗ್ಗೆ ಸ್ವಲ್ಪವನ್ನು ತೊಗಲಿನ ಚೀಲದಲ್ಲಿ ನೀರಿಗೆ ಹಾಕುತ್ತಿದ್ದ. ಕುದುರೆಯ ಕುಲುಕಾಟಕ್ಕೆ ಅದು ತಾನಾಗಿ ಕದಡಿ ಊಟದ ಹೊತ್ತಿಗೆ ಸಿದ್ಧ. ಇಂದಿನ ಕಾರ್ಖಾನೆಯಲ್ಲಿ ಹಾಲನ್ನು ಮೊದಲು ಗಟ್ಟಿಯಾಗಿಸಿ, ಆಮೇಲೆ ಬಿಸಿಗಾಳಿಯ ಕೋಣೆಯೊಳಗೆ ಮಂಜಿನ ಹನಿಯಂತೆ ಸಿಂಪಡಿಸುತ್ತಾರೆ. ಹನಿ ಕೆಳಗೆ ಬೀಳುವಷ್ಟರಲ್ಲಿ ಒಣಗಿ ಪುಡಿಯಾಗಿರುತ್ತದೆ. ಕೆನೆ ತೆಗೆಯದ ಹಾಲಿನಿಂದ ಮಾಡಿದ್ದೇ ಕೆನೆಭರಿತ ಹಾಲಿನ ಪುಡಿ. ಬೆಟ್ಟಕ್ಕೆ ಇದೇ ಒಳ್ಳೆಯದು. ನಡೆದು ದಣಿದವರಿಗೆ ಆ ಜಿಡ್ಡೇ ಬಲ. ಆದರೆ ಆ ಜಿಡ್ಡೇ ಅದರ ದೌರ್ಬಲ್ಯವೂ ಹೌದು. ಗಾಳಿ ತಗುಲಿದರೆ ಕಮಟು ಹಿಡಿಯುತ್ತದೆ, ಕೆನೆರಹಿತ ಪುಡಿಯಷ್ಟು ದಿನ ಬಾಳುವುದಿಲ್ಲ. ನಮ್ಮ ಕೊಡಗಿನ ಥಂಡಿಗೆ ಬಾಯಿ ತೆರೆದಿಟ್ಟರೆ ಗಂಟುಗಂಟಾಗುತ್ತದೆ. ಅದಕ್ಕೇ ನಾನು ಒಂದೊಂದು ಹೊತ್ತಿನದನ್ನು ಬೇರೆ ಬೇರೆ ಪೊಟ್ಟಣ ಕಟ್ಟುತ್ತೇನೆ. ಕುದಿಯುವ ನೀರಿಗೆ ನೇರವಾಗಿ ಸುರಿಯದೆ, ಕಾಯಿಸಿ ಆರಿಸಿದ ನೀರು ನಾಲ್ಕು ಚಮಚ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಿಸಿನೀರು ಬೆರೆಸಬೇಕು. ಒಮ್ಮೆ ತೆಂಗಿನ ತುರಿ, ಅಕ್ಕಿ ತರಿ ಒಯ್ದು ಪುಡಿ ಹಾಲಿನಲ್ಲೇ ಪಾಪುಟ್ಟು ಬೇಯಿಸಿದ್ದೆವು. ಜೊತೆಗಿದ್ದ ಕೊಡವ ಗೆಳತಿ ಎರಡನೇ ಸಲ ಬಡಿಸಿಕೊಂಡಾಗ ನನಗೆ ಪ್ರಶಸ್ತಿ ಬಂದಷ್ಟು ಸಂತೋಷ.

ಇಷ್ಟಕ್ಕೇ ಆಗಿದ್ದರೆ ಇದು ಅಡಿಗೆ ಪುಸ್ತಕದ ಮಾತಾಗುತ್ತಿತ್ತು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿದ್ದಾರೆ. ಮೂವತ್ತು ವರ್ಷ ನರ್ಸಾಗಿ ದುಡಿದು ನಿವೃತ್ತರಾದವರು. ನಾವೆಲ್ಲ ಅವರನ್ನು ಸಿಸ್ಟರಕ್ಕ ಎನ್ನುತ್ತೇವೆ. ಮೊದಲ ವರ್ಷ ನಾನು ಪುಡಿಯ ಡಬ್ಬಿ ತೆರೆದಾಗ ಅವರು ಲೋಟವನ್ನು ಪಕ್ಕಕ್ಕಿಟ್ಟು, "ನನಗೆ ಕರಿ ಕಾಫಿ ಸಾಕು ಮಾರಾಯ್ತಿ" ಎಂದರು. ಹಾಲು ಸೇರುವುದಿಲ್ಲವೇನೋ ಎಂದುಕೊಂಡೆವು. ರಾತ್ರಿ ಡೇರೆಯೊಳಗೆ ಎಲ್ಲರೂ ಕಂಬಳಿ ಹೊದ್ದು ಕುಳಿತಾಗ ಅವರೇ ಬಾಯಿಬಿಟ್ಟರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ತೋಟಗಳ ಲೈನ್ ಮನೆಗಳಿಗೆ ಹೋಗಿಬರುತ್ತಿದ್ದರಂತೆ. ಒಂದು ಮನೆಯಲ್ಲಿ ಮೂರು ತಿಂಗಳ ಕೂಸು. ತಾಯಿ ಕಾಫಿ ಕೊಯ್ಲಿಗೆ ಹೋಗಬೇಕು, ಕೂಸನ್ನು ನೋಡಿಕೊಳ್ಳುವವಳು ಏಳು ವರ್ಷದ ಅಕ್ಕ. ಯಾರೋ ದೊಡ್ಡವರ ಮನೆಯಿಂದ ಶಿಶು ಆಹಾರದ ಒಂದು ಡಬ್ಬಿ ದಾನವಾಗಿ ಬಂದಿತ್ತು. ಡಬ್ಬಿ ಮುಗಿದರೆ ಇನ್ನೊಂದು ಕೊಳ್ಳುವ ಶಕ್ತಿ ಇಲ್ಲದ್ದರಿಂದ ನಾಲ್ಕು ಚಮಚ ಹಾಕುವಲ್ಲಿ ಒಂದು ಚಮಚ ಹಾಕುತ್ತಿದ್ದರು. ನೀರು ಕೆಳಗಿನ ಹಳ್ಳದ್ದು. ಕಾಯಿಸಲು ಸೌದೆ ಬೇಕು, ಸೌದೆ ಇದ್ದರೆ ಹೊತ್ತು ಬೇಕು. ಡಬ್ಬಿಯ ಮೇಲೆ ಬರೆದದ್ದನ್ನು ಓದಬಲ್ಲವರು ಆ ಮನೆಯಲ್ಲಿರಲಿಲ್ಲ. "ಬಾಟಲಿಯೊಳಗಿನದು ನೋಡೋದಕ್ಕೆ ಬೆಳ್ಳಗೇ ಇತ್ತು. ಬೆಳ್ಳಗಿದ್ದರೆ ಹಾಲು ಅಂತ ಆ ತಾಯಿ ನಂಬಿದ್ದಳು" ಎಂದರು ಸಿಸ್ಟರಕ್ಕ. ಭೇದಿ ಹತ್ತಿ ಒಣಗಿದ ಆ ಕೂಸು ಉಳಿಯಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅವರು ಕಂಡದ್ದು ಒಂದು ಮನೆಯ ಕಥೆ. ಅಂಥ ಮನೆಗಳು ಆಫ್ರಿಕದಲ್ಲಿ, ಏಷ್ಯದಲ್ಲಿ ಎಷ್ಟೋ ಇದ್ದವು. ಬಡದೇಶಗಳ ತಾಯಂದಿರಿಗೆ ಶಿಶು ಆಹಾರದ ಪುಡಿಯನ್ನು ಪ್ರಚಾರ ಮಾಡಿ ಮಾರುವುದರ ವಿರುದ್ಧ 1977ರಲ್ಲಿ ಅಮೆರಿಕದಲ್ಲಿ ಬಹಿಷ್ಕಾರದ ಚಳವಳಿಯೇ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಅಂಥ ಮಾರಾಟಕ್ಕೆ ನೀತಿಸಂಹಿತೆಯೊಂದನ್ನು ಒಪ್ಪಿತು. ನಮ್ಮ ದೇಶದಲ್ಲಿ 1992ರಲ್ಲಿ ಕಾನೂನು ಬಂತು. ತಾಯಿಹಾಲಿಗೆ ಬದಲಿ ಎಂದು ಜಾಹೀರಾತು ಕೊಡುವಂತಿಲ್ಲ, ಡಬ್ಬಿಯ ಮೇಲೆ ಗುಂಡುಗುಂಡಾದ ಮಗುವಿನ ಚಿತ್ರ ಹಾಕುವಂತಿಲ್ಲ, ತಾಯಿಯ ಹಾಲೇ ಮಗುವಿಗೆ ಉತ್ತಮ ಎಂದು ಬರೆಯಲೇಬೇಕು. ಶಿಶು ಆಹಾರದ ಪುಡಿಯೂ ನಾವು ಕಾಫಿಗೆ ಹಾಕುವ ಪುಡಿಯೂ ಒಂದೇ ಅಲ್ಲ, ಅದು ನಿಜ. ಒಂದು ವರ್ಷ ತುಂಬದ ಕೂಸಿಗೆ ನಮ್ಮ ಕಾಫಿಯ ಪುಡಿಯನ್ನಂತೂ ಹಾಲೆಂದು ಕೊಡಲೇಬಾರದು. ಆದರೂ ಸಿಸ್ಟರಕ್ಕನ ಕಣ್ಣಿಗೆ ಎರಡೂ ಒಂದೇ ಡಬ್ಬಿ. ಆ ಮನೆಯನ್ನು ಕಂಡವರ ಕಣ್ಣಿಗೆ ಬೇರೆ ಹೇಗೆ ಕಂಡೀತು?

ನಾನು ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದೆ. ನಮಗೆ ಒಂಬತ್ತು ಕಿಲೋ ಹಗುರ ಮಾಡಿದ ಪುಡಿಯಂಥದ್ದೇ ಒಂದು ಪುಡಿ ಇನ್ನೊಂದು ಮನೆಯಲ್ಲಿ ಕೂಸನ್ನು ಕೊಂದದ್ದು ಹೇಗೆ? ಹಾಲಿನಲ್ಲಿ ವ್ಯತ್ಯಾಸ ಹುಡುಕಿದರೆ ಉತ್ತರ ಸಿಗುವುದಿಲ್ಲ. ಅತ್ತೆಯವರ ಪ್ರಶ್ನೆಯ ಹಾಗೆ ನೀರಿನ ಕಡೆಯಿಂದ ನೋಡಬೇಕು. ಪುಡಿ ಎಂದರೆ ಅರ್ಧ ಮಾತು. ಉಳಿದರ್ಧವನ್ನು ನೀರು ಆಡಬೇಕು. ಪುಡಿ ಕೊಟ್ಟವರು "ನೀರು ನೀನು ನೋಡಿಕೋ" ಎಂದು ಬಾಯಿಬಿಟ್ಟು ಹೇಳದೆಯೇ ಹೇಳಿರುತ್ತಾರೆ. ಬೆಟ್ಟದ ಮೇಲೆ ನಮಗೆ ಆ ಮಾತು ಭಾರವಲ್ಲ. ತೊರೆ ಹತ್ತಿರ ಇದೆ, ಸ್ಟವ್ ಇದೆ, ಕುದಿಸಬೇಕೆಂಬ ತಿಳಿವಳಿಕೆ ಇದೆ, ಬೇಡವೆನಿಸಿದರೆ ಕರಿ ಕಾಫಿ ಇದೆ. ಲೈನ್ ಮನೆಯ ತಾಯಿಗೆ ಇದರಲ್ಲಿ ಒಂದೂ ಇರಲಿಲ್ಲ. ಡಬ್ಬಿ ಕೊಟ್ಟವರ ಕೈ ಹಗುರವಾಗಿತ್ತು, ಮನಸ್ಸೂ ಹಗುರವಾಗಿತ್ತು. ತೆಗೆದ ನೀರಿನ ಭಾರವೆಲ್ಲ ಹೋಗಿ ಬಿದ್ದದ್ದು ಮೂರು ತಿಂಗಳ ಕೂಸಿನ ಹೊಟ್ಟೆಯ ಮೇಲೆ.

ಹಾಗೆಂದು ಪುಡಿಯನ್ನೇ ಶಪಿಸಿದರೆ ಅದೂ ಅನ್ಯಾಯ. ಕರ್ನಾಟಕ ಸರ್ಕಾರ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಶುರುಮಾಡಿ ಸರ್ಕಾರಿ ಶಾಲೆ, ಅಂಗನವಾಡಿ ಮಕ್ಕಳಿಗೆ ಹಾಲು ಕೊಡತೊಡಗಿದ್ದು ಇದೇ ಕೆನೆಭರಿತ ಪುಡಿಯಿಂದ. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿಲಿಲೀಟರ್ ಹಾಲು. ಮೊದಲು ವಾರಕ್ಕೆ ಮೂರು ದಿನ ಇದ್ದದ್ದು 2017ರಿಂದ ಐದು ದಿನ ಆಯಿತು. ಹಾಲಿನ ವಿಚಾರದಲ್ಲಿ ಕೊಡಗು ಹಿಂದೆ ಬಿದ್ದ ನಾಡಲ್ಲ. ಇಂದಿನ ಕರ್ನಾಟಕದ ಮೊದಲ ಡೇರಿ 1955ರಲ್ಲಿ ಶುರುವಾದದ್ದು ಇಲ್ಲಿನ ಕೂಡಿಗೆಯಲ್ಲಿಯೇ. ಆದರೂ ಜಡಿಮಳೆಯಲ್ಲಿ ಬೆಟ್ಟದ ಮೂಲೆಯ ಶಾಲೆಗೆ ದಿನಾ ಬೆಳಗ್ಗೆ ಹಸಿ ಹಾಲು ಕೆಡದಂತೆ ಮುಟ್ಟಿಸುವುದು ಸುಲಭವಲ್ಲ. ಪುಡಿಯ ಚೀಲ ಅಲ್ಲಿಯೂ ಕಾದಿರುತ್ತದೆ. ನೂರು ಮಕ್ಕಳ ಶಾಲೆಯಾದರೆ ಒಂದು ಕಿಲೋ ಎಂಟುನೂರು ಗ್ರಾಂ ಪುಡಿಯಿಂದ ಹದಿನೈದು ಲೀಟರ್ ಹಾಲು. ಆ ನೀರನ್ನು ತುಂಬಿ, ಕುದಿಸಿ, ಗಂಟಾಗದಂತೆ ಕಲಸುವವರು ಯಾರು? ಬಿಸಿಯೂಟದ ಅಡಿಗೆಯ ಹೆಂಗಸರು. ಮಕ್ಕಳ ತುಟಿಯ ಮೇಲಿನ ಬಿಳಿ ಮೀಸೆಯನ್ನು ಕಂಡು ಸಂತೋಷಪಡುವ ನಾವು ಆ ಹಂಡೆಯ ಹತ್ತಿರ ನಿಂತವಳನ್ನು ಎಷ್ಟು ಸಲ ನೆನೆಯುತ್ತೇವೆ? ಲೈನ್ ಮನೆಯಲ್ಲಿ ಕೂಸನ್ನು ಉಳಿಸದಿದ್ದ ನೀರು ಇಲ್ಲಿ ಮಕ್ಕಳನ್ನು ಬೆಳೆಸುತ್ತಿದೆ, ಏಕೆಂದರೆ ಇಲ್ಲಿ ನೀರಿಗೊಬ್ಬಳು ಹೊಣೆಗಾರ್ತಿ ಇದ್ದಾಳೆ.

ಇದನ್ನೇ ನಾನು ನನ್ನ ಅಡಿಗೆಮನೆಗೂ ತಂದುಕೊಂಡಿದ್ದೇನೆ. ಹೆಂಗಸರು ಹಗುರಾಗಬಾರದು ಎಂದು ಹೇಳುವವಳು ನಾನಲ್ಲ. ಬೀಸುವ ಕಲ್ಲು, ಒಳಕಲ್ಲು, ಹೊಗೆ ಒಲೆ ಇವೆಲ್ಲ ನಮ್ಮ ತಾಯಂದಿರ ಸೊಂಟವನ್ನು ಏನು ಮಾಡಿದವೆಂದು ಕಂಡಿದ್ದೇನೆ. ಮಿಕ್ಸಿ ಬಂದಾಗ ಆ ಭಾರವನ್ನು ಇನ್ನೊಬ್ಬಳು ಹೊರಬೇಕಾಗಲಿಲ್ಲ, ಕರೆಂಟು ಹೊತ್ತಿತು. ಅಂಥ ಹಗುರಕ್ಕೆ ನಾಚಬೇಕಾದ್ದಿಲ್ಲ. ಬೆಟ್ಟದಲ್ಲಿ ತೊರೆಯನ್ನು ನಂಬಿ ನೀರು ಬಿಟ್ಟು ಹೋಗುವುದೂ ಅಂಥದ್ದೇ. ಆದರೆ ಕೆಲವು ಭಾರಗಳು ಕರಗುವುದಿಲ್ಲ, ಜಾಗ ಬದಲಿಸುತ್ತವೆ. ಹಬ್ಬಕ್ಕೆ ಹತ್ತು ಬಗೆ ಮಾಡಿ ನಾವು ವಿರಮಿಸಿದಾಗ ಪಾತ್ರೆಯ ರಾಶಿ ಕೆಲಸದವಳ ಕೈಗೆ ಹೋಗಿರುತ್ತದೆ. ನಾವು ಕುಡಿದು ಜಿಡ್ಡಿನ ಪಾತ್ರೆಯನ್ನು ತೊರೆಯಲ್ಲೇ ತೊಳೆದರೆ ಕೆಳಗಿನ ಮನೆಯವರ ಬಿಂದಿಗೆಗೆ ಅದು ಸೇರುತ್ತದೆ. ಎರಡು ಬಗೆಯ ಹಗುರವೂ ಕೈಗೆ ಒಂದೇ ಥರ ಅನಿಸುತ್ತದೆ, ತೊಂದರೆ ಇರುವುದು ಅಲ್ಲಿ. ಗೊತ್ತಾಗಬೇಕಾದರೆ ಭಾರ ಎಲ್ಲಿ ಹೋಗಿ ಇಳಿಯಿತೆಂದು ಎದ್ದು ಹೋಗಿ ನೋಡಬೇಕು. ಸಿಸ್ಟರಕ್ಕ ಲೈನ್ ಮನೆಗೆ ಹೋಗಿ ನೋಡಿದ ಹಾಗೆ.

ಮರುದಿನ ಬೆಳಗ್ಗೆ ಅವರು ಎಲ್ಲರಿಗಿಂತ ಮುಂಚೆ ಎದ್ದಿದ್ದರು. ತೊರೆಯಿಂದ ನೀರು ತಂದು, ಬಟ್ಟೆಯಲ್ಲಿ ಸೋಸಿ, ಸ್ಟವ್ ಮೇಲೆ ಕೊತಕೊತ ಕುದಿಸುತ್ತಿದ್ದರು. ನಾನು ಪೊಟ್ಟಣ ತಂದೆ. "ಕಲಸು, ನಾನು ನೀರು ಹಾಕ್ತೇನೆ" ಎಂದರು. ಆ ದಿನ ಅವರು ಹಾಲಿನ ಕಾಫಿ ಕುಡಿದರು. ಪೂರ್ತಿ ಕುಡಿಯಲಿಲ್ಲ, ಅರ್ಧ ಲೋಟ.

ಈಗ ನಮ್ಮ ಪ್ರವಾಸದ ಸಾಮಾನಿನ ಪಟ್ಟಿಯಲ್ಲಿ "ಹಾಲಿನ ಪುಡಿ 1 ಕೆ.ಜಿ. 200 ಗ್ರಾಂ" ಎಂಬ ಸಾಲಿನ ಕೆಳಗೆ ಸಿಸ್ಟರಕ್ಕನ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: "ನೀರು ತರುವವರು, ಕುದಿಸುವವರು." ಪಕ್ಕದಲ್ಲಿ ಸರದಿಯ ಪ್ರಕಾರ ಎಂಟೂ ಜನರ ಹೆಸರು. ಈ ವರ್ಷ ಮೊದಲ ಬೆಳಗು ನನ್ನದು. ಡಿಸೆಂಬರಿನ ಆ ಕೊರೆಯುವ ಚಳಿಯಲ್ಲಿ ಐದು ಗಂಟೆಗೆ ಏಳಬೇಕು. ಅಲಾರಂ ಇಟ್ಟುಕೊಳ್ಳುತ್ತೇನೆ.